ಗಿರಿಜಾ ಜೊತೆ ಕಠ್ಮಂಡುವಿಗೆ

ಮನೆಯಲ್ಲಿ ಮುಕ್ತಿನಾಥ ಯಾತ್ರೆ ಎಂದು ಹೇಳಿ ಹೊರಟಿದ್ದೆ. ಹೋದದ್ದು ನೇಪಾಳಕ್ಕೇ, ಅಷ್ಟು ನಿಜ. ಉಳಿದದ್ದು ಸುಳ್ಳು.

ಕಾಪುವಿನಲ್ಲಿ ತಮ್ಮನ ಮನೆಯಲ್ಲಿ ಇರುವವಳು ನಾನು. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು, ಮದುವೆಯಾಗದವಳು. ನನ್ನ ಪಿಂಚಣಿ ನನಗೆ ಬರುತ್ತದೆ, ಯಾರ ಹಂಗೂ ಇಲ್ಲ. ಆದರೂ ಎಲ್ಲಿಗೆ ಹೋಗುತ್ತೇನೆಂದು ಹೇಳಲು ಬಾಯಿ ಬರಲಿಲ್ಲ. ತಮ್ಮನ ಹೆಂಡತಿ ಖುಷಿಯಿಂದ ಒಂದು ಸಣ್ಣ ಬಾಟಲಿಯಲ್ಲಿ ಎಳ್ಳೆಣ್ಣೆ ತುಂಬಿಸಿ ಕೊಟ್ಟಳು. "ನಮ್ಮ ಹೆಸರಿನಲ್ಲೂ ಒಂದು ದೀಪ ಇಡಿ ಅಕ್ಕ" ಎಂದಳು. ಆ ಬಾಟಲಿ ದೆಹಲಿ ತಲುಪುವುದರೊಳಗೆ ಚೀಲದಲ್ಲೇ ಒಡೆದು, ನನ್ನ ಎರಡು ಸೀರೆಗಳಿಗೆ ಎಣ್ಣೆ ಕುಡಿಸಿತ್ತು.

ನಾನು ಹೊರಟದ್ದು ಕಠ್ಮಂಡುವಿನಲ್ಲಿ ನಡೆಯಲಿದ್ದ ಒಂದು ಸಭೆಗೆ. ಅಕ್ಕಪಕ್ಕದ ದೇಶಗಳ ಲೈಂಗಿಕ ಕಾರ್ಯಕರ್ತೆಯರ ಸಂಘಗಳು ಸೇರಿ ಮೂರು ದಿನ ಮಾತಾಡಲಿದ್ದವು. ವಯಸ್ಸಾದ ಮೇಲೆ ಹೊಟ್ಟೆಗೇನು, ಪಿಂಚಣಿ ಹೇಗೆ, ಬಾಡಿಗೆ ಮನೆ ಯಾರು ಕೊಡುತ್ತಾರೆ, ಇಂಥವೇ ವಿಷಯಗಳು. ಉಡುಪಿಯ ಸಂಘದಿಂದ ಅಧ್ಯಕ್ಷೆ ಗಿರಿಜಾಗೆ ಕರೆ ಬಂದಿತ್ತು. ಅವಳಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಹಾಗಾಗಿ ದುಭಾಷಿಯಾಗಿ ನಾನು. ಗಿರಿಜಾ ಎಂಬುದು ಅವಳ ನಿಜವಾದ ಹೆಸರಲ್ಲ. ಊರು ಕಾರ್ಕಳದ ಕಡೆ ಎಂದಷ್ಟೇ ಹೇಳುತ್ತೇನೆ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳ ಪರಿಚಯವಾದದ್ದು ತಾಲೂಕು ಕಚೇರಿಯ ಜಗಲಿಯಲ್ಲಿ. ನಿವೃತ್ತಳಾದ ಮೇಲೆ ವಾರಕ್ಕೆರಡು ದಿನ ಅಲ್ಲಿ ಕುಳಿತು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುವ ಅಭ್ಯಾಸ ಮಾಡಿಕೊಂಡಿದ್ದೆ. ಒಂದು ದಿನ ಗಿರಿಜಾ ಆರು ಜನ ಹೆಂಗಸರನ್ನು ಕರೆದುಕೊಂಡು ಬಂದಳು. ಕೆಲವರಿಗೆ ರೇಷನ್ ಕಾರ್ಡು, ಕೆಲವರಿಗೆ ವಿಧವಾ ವೇತನ. 'ಉದ್ಯೋಗ' ಎಂಬ ಕಡೆ ಪೆನ್ನು ನಿಲ್ಲಿಸಿ, ಎಂತ ಬರೆಯಲಿ ಎಂದು ಕೇಳಿದೆ.

"ನಾಲ್ಕು ಜನರಿಗೆ ಬೀಡಿ ಕಟ್ಟುವುದು ಅಂತ ಬರೆಯಿರಿ ಟೀಚರ್. ಇಬ್ಬರಿಗೆ ಮನೆಕೆಲಸ."

"ನಿಜವಾಗಿ ಎಂತ ಕೆಲಸ?"

ಅವಳು ಅರ್ಜಿಯ ಆ ಸಾಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ನಿಜ ಬರೆಯಲಿಕ್ಕೆ ಇಷ್ಟು ಜಾಗ ಸಾಕಾಗುವುದಿಲ್ಲ."

ಗಿರಿಜಾ ಆ ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು. ಗಂಡ ಸತ್ತ ಮೇಲೆ ಹಿಡಿದದ್ದು, ಮಗಳ ಓದು ಮುಗಿಯುವ ಹೊತ್ತಿಗೆ ಬಿಟ್ಟದ್ದು. ಆಗ ಮನೆ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡಿಗೆ. ಸಂಘ ಎಂದರೆ ಊರಿನವರು ಸ್ತ್ರೀಶಕ್ತಿ ಸಂಘ ಎಂದುಕೊಂಡಿದ್ದರು. ಅವಳು ಹೌದು ಎಂದೂ ಹೇಳಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ.

ದೆಹಲಿಯ ಕೌಂಟರು

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಗಿರಿಜಾಳ ಚೀಟಿಯಲ್ಲಿದ್ದ ಫೋಟೊ ಎಷ್ಟು ಹಳೆಯದೆಂದರೆ, ವಿಮಾನ ನಿಲ್ದಾಣದ ಕೌಂಟರಿನ ಅಧಿಕಾರಿ ಅದನ್ನೂ ಅವಳನ್ನೂ ನಾಲ್ಕು ಸಲ ನೋಡಿದ. ಸೆರಗು ಸರಿಸಿ ಕಿವಿ ತೋರಿಸು ಎಂದ. ಆಮೇಲೆ ಹಿಂದಿಯಲ್ಲಿ ಕೇಳಿದ: ಯಾಕೆ ಹೋಗುತ್ತಿದ್ದೀರಿ?

ಗಿರಿಜಾಗೆ ಪ್ರಶ್ನೆ ಅಂದಾಜಾಯಿತು. "ಮೀಟಿಂಗ್" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು, "ತೀರ್ಥಯಾತ್ರೆ" ಎಂದುಬಿಟ್ಟೆ. ಆತ ಕೂಡಲೇ ಠಸ್ಸೆ ಒತ್ತಿದ.

"ದೇವರ ಹೆಸರು ಹೇಳಿದರೆ ಬೇಗ ಬಿಡುತ್ತಾರೆ ಅಲ್ವಾ ಟೀಚರ್?" ಎಂದು ಗಿರಿಜಾ ಕೇಳಿದಳು. ಹಂಗಿಸಿ ಹೇಳಿದ್ದಲ್ಲ, ಹೊಸದೊಂದು ಉಪಾಯ ಕಲಿತವಳ ಹಾಗೆ ಹೇಳಿದಳು.

ಕಠ್ಮಂಡು

ನಮ್ಮ ಕರಾವಳಿಯವರಿಗೆ ಕಠ್ಮಂಡುವಿನಲ್ಲಿ ಮೊದಲು ಗೊತ್ತಾಗುವುದು ಬೆವರು ಬರುವುದಿಲ್ಲ ಎಂಬುದು. ಉರಿಬಿಸಿಲಿನ ತಿಂಗಳು, ಆದರೂ ಕುತ್ತಿಗೆ ಒಣಗಿಯೇ ಇತ್ತು. ಗಿರಿಜಾ ಮತ್ತೆ ಮತ್ತೆ ಹಣೆ ಮುಟ್ಟಿ ನೋಡಿಕೊಂಡಳು, ಜ್ವರವೇನೋ ಎಂದು. ಧೂಳು ಮಾತ್ರ ನಮ್ಮ ಹೆದ್ದಾರಿ ಅಗಲ ಮಾಡುವಾಗ ಉಚ್ಚಿಲದಲ್ಲಿ ಇದ್ದದ್ದಕ್ಕಿಂತ ಹೆಚ್ಚು. ಹಲ್ಲಿನ ಸಂದಿಯಲ್ಲೂ ಧೂಳು.

ಊಟಕ್ಕೆ ಎಲ್ಲಿ ಹೋದರೂ ಬಿಳಿ ಬೆಳ್ತಿಗೆ ಅನ್ನ, ಬೇಳೆ, ಸೊಪ್ಪು. ಮೀನು ಉಂಟಾ ಎಂದು ಕೇಳಿ ತರಿಸಿದೆವು. ಹೊಳೆ ಮೀನು, ಕೆಸರಿನ ವಾಸನೆ. ಗಿರಿಜಾ ಒಂದು ತುಂಡು ಬಾಯಿಗಿಟ್ಟು, "ಇದಕ್ಕೆ ಉಪ್ಪುನೀರು ಗೊತ್ತೇ ಇಲ್ಲ" ಎಂದಳು. ಅವಳು ಊರಿನಿಂದ ಒಂದು ಕಟ್ಟು ಕುಚ್ಚಲಕ್ಕಿ ತಂದಿದ್ದಳು. ಎರಡನೆಯ ದಿನ ಬೆಳಗ್ಗೆ ಹೋಟೆಲಿನ ಚಹಾ ಕಾಯಿಸುವ ಎಲೆಕ್ಟ್ರಿಕ್ ಕೆಟಲಿಗೆ ಅದನ್ನು ಹಾಕಿ ಗಂಜಿಗೆ ಇಟ್ಟಳು. ಗಂಜಿ ಉಕ್ಕಿ, ಕೆಟಲು ಸಿಡಿದು, ನಮ್ಮ ಮಹಡಿಯ ಕರೆಂಟೆಲ್ಲ ಹೋಯಿತು. ಪಕ್ಕದ ಕೋಣೆಗಳಿಂದ ಜನ ಹೊರಗೆ ಬಂದರು. ಹೋಟೆಲಿನ ಹುಡುಗಿ ಓಡಿ ಬಂದಳು, ಬೈಯುತ್ತಾಳೆ ಎಂದುಕೊಂಡೆವು. ಅವಳು ಕೆಟಲಿನೊಳಗೆ ಇಣುಕಿ, ಕೆಂಪು ಅಕ್ಕಿ ಕಂಡು ನಕ್ಕು, "ದೀದಿ, ಅಡಿಗೆಮನೆಗೆ ಬನ್ನಿ" ಎಂದು ಗಿರಿಜಾಳ ಕೈ ಹಿಡಿದು ಕರೆದುಕೊಂಡು ಹೋದಳು. ಅರ್ಧ ಗಂಟೆಯಲ್ಲಿ ಗಿರಿಜಾ ಎರಡು ಬಟ್ಟಲು ಗಂಜಿಯೊಂದಿಗೆ ಬಂದಳು. ಅಲ್ಲಿಯ ಅಡಿಗೆಯವರಿಗೂ ಒಂದೊಂದು ಸೌಟು ಬಡಿಸಿ ಬಂದಿದ್ದಳು.

ಆ ಊರಿನಲ್ಲಿ ಎಲ್ಲ ಹೆಂಗಸರೂ ದೀದಿ. ಅಂಗಡಿಯವನಿಗೆ ದೀದಿ, ಟ್ಯಾಕ್ಸಿಯವನಿಗೆ ದೀದಿ. ಮಾತಿನ ಕೊನೆಗೆ ಮರ್ಯಾದೆಗೆ ಒಂದು 'ಹಜೂರ್'. ಗಿರಿಜಾಗೆ ಅದು ತುಂಬ ಹಿಡಿಸಿತು.

"ನಮ್ಮಲ್ಲೂ ಎಲ್ಲರನ್ನೂ ಅಕ್ಕ ಎನ್ನುತ್ತಾರಲ್ಲ?" ಎಂದೆ.

"ಹೌದು ಟೀಚರ್. ಗೊತ್ತಾಗುವವರೆಗೆ."

ಸಭೆಗೆ ಬಂದವರಿಗೆಲ್ಲ ಕುತ್ತಿಗೆಗೆ ಹಾಕಿಕೊಳ್ಳಲು ದಾರ ಕಟ್ಟಿದ ಬ್ಯಾಡ್ಜು ಕೊಟ್ಟಿದ್ದರು. ನಮ್ಮ ಫೋಟೊ, ಹೆಸರು, ದೇಶ. ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, ಇದು ಲೈಂಗಿಕ ಕಾರ್ಯಕರ್ತೆಯರ ಸಭೆ ಎಂದು. ಗಿರಿಜಾಳದ್ದರಲ್ಲಿ 'ಅಧ್ಯಕ್ಷೆ', ನನ್ನದರಲ್ಲಿ 'ದುಭಾಷಿ'. ಹೋಟೆಲಿನ ಮುಂದಿನ ಕೋಣೆಯಲ್ಲಿ ಗಿರಿಜಾ ಅದನ್ನು ಕೈಯಲ್ಲಿ ಹಿಡಿದು, ಒಂದೊಂದೇ ಸಾಲು ಓದಿಸಿಕೊಂಡಳು. 'ಅಧ್ಯಕ್ಷೆ' ಎಂಬಲ್ಲಿ ಇನ್ನೊಮ್ಮೆ ಓದಿಸಿದಳು.

"ಮೇಲೆ ದೊಡ್ಡದಾಗಿ ಎಂತ ಬರೆದಿದ್ದಾರೆ?"

ಸುತ್ತ ಯಾತ್ರೆಗೆ ಬಂದ ಸಂಸಾರಸ್ಥರು ಕುಳಿತಿದ್ದರು. ತುಳು ಯಾರಿಗೂ ಬಾರದಿದ್ದರೂ ನನಗೆ ಆ ಶಬ್ದ ಗಟ್ಟಿಯಾಗಿ ಹೇಳಲು ಆಗಲಿಲ್ಲ. "ಸಭೆಯ ಹೆಸರು" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಸಭೆ

ಸಭೆಯಲ್ಲಿ ಕೇಳಿದ್ದನ್ನೆಲ್ಲ ಬರೆಯಲಾರೆ. ಬಾಂಗ್ಲಾದೇಶದ ಒಬ್ಬ ಮುದುಕಿಯ ಮಾತು ಮಾತ್ರ ಮರೆಯುವಂತಿಲ್ಲ. ಎಲ್ಲರೂ ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು. ಬಂಗಾಳಿಗೆ ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಈ ಕೆಲಸದವರೇ ಇರುವ ಅವರ ಓಣಿಯ ಹೆಂಗಸರು ಸತ್ತರೆ ಮೊದಲೆಲ್ಲ ದಫನ ಮಾಡಲು ಜಾಗ ಕೊಡುತ್ತಿರಲಿಲ್ಲವಂತೆ, ಪ್ರಾರ್ಥನೆ ಹೇಳಲು ಯಾರೂ ಬರುತ್ತಿರಲಿಲ್ಲವಂತೆ. ಸಂಘ ಮಾಡಿಕೊಂಡ ಮೇಲೆ, ಎಷ್ಟೋ ವರ್ಷ ಓಡಾಡಿ, ಒಂದು ತುಂಡು ನೆಲ ಸಿಕ್ಕಿತು. "ಈಗ ನೆಮ್ಮದಿಯಾಗಿ ಸಾಯಬಹುದು" ಎಂದು ಆಪಾ ಹೇಳಿದಾಗ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಗಿರಿಜಾ ತಟ್ಟಲಿಲ್ಲ. ಅವಳ ಸರದಿ ಬಂದಾಗ ಎದ್ದು ನಿಂತು ತುಳುವಿನಲ್ಲಿ ಹೇಳಿದಳು, ನಾನು ಹಿಂದಿಗೆ ತಿರುಗಿಸಿದೆ.

"ಸಾಯುವುದು ದೊಡ್ಡ ವಿಷಯ ಅಲ್ಲ. ಕೆಲಸ ಬಿಟ್ಟ ಮೇಲೆ, ಸಾಯುವವರೆಗೆ ಎಂತ ಮಾಡುವುದು? ನಮ್ಮಲ್ಲಿ ಓಣಿ ಇಲ್ಲ. ಒಬ್ಬೊಬ್ಬಳು ಒಂದೊಂದು ಊರಿನಲ್ಲಿ, ಸಂಸಾರದ ಒಳಗೆ, ಯಾರಿಗೂ ಗೊತ್ತಿಲ್ಲದೆ ಇರುವುದು. ರೋಗ ಬಾರದ ಹಾಗೆ ನೋಡಿಕೊಳ್ಳಲಿಕ್ಕೆ ಒಂದು ಕಾರ್ಯಕ್ರಮ ಉಂಟು. ಅದರವರೇ ನಮಗೆ ಕೂರಲಿಕ್ಕೆ ಒಂದು ಕೋಣೆ ಮಾಡಿಕೊಟ್ಟದ್ದು, ರಕ್ತ ಪರೀಕ್ಷೆ ಮಾಡಿಸಿದ್ದು. ನಮ್ಮ ರಕ್ತಕ್ಕೆ ಕಾರ್ಯಕ್ರಮ ಉಂಟು. ರಕ್ತ ಸರಿ ಉಂಟು ಅಂತ ಆದ ಮೇಲೆ ನಮ್ಮ ಹತ್ತಿರ ಯಾರಿಗೂ ಕೆಲಸ ಇಲ್ಲ. ಬರುವ ವರ್ಷ ಆ ಕೋಣೆಯೂ ಇಲ್ಲವಂತೆ. ಆಮೇಲೆ ನಾವು ಎಲ್ಲಿ ಸೇರುವುದು? ಬಸ್ ಸ್ಟ್ಯಾಂಡಿನಲ್ಲಾ?"

ವೇದಿಕೆಯಲ್ಲಿದ್ದವರು ಅದನ್ನು ಬರೆದುಕೊಂಡರು. ಬಹಳ ಮುಖ್ಯವಾದ ಪ್ರಶ್ನೆ ಎಂದರು. ಆಮೇಲೆ ಚಹಾದ ಹೊತ್ತಾಯಿತು. ಆಪಾ ಬಂದು ಗಿರಿಜಾಳ ಪಕ್ಕ ಕುಳಿತು, ಭಾಷೆ ಇಲ್ಲದೆ, ಅವಳ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಂಡರು. ನನ್ನನ್ನು ಯಾರೂ ಅನುವಾದ ಕೇಳಲಿಲ್ಲ.

ಪಶುಪತಿ

ಕೊನೆಯ ದಿನ ಮಧ್ಯಾಹ್ನ ಸಭೆ ಬೇಗ ಮುಗಿಯಿತು. ಪಶುಪತಿನಾಥಕ್ಕೆ ಹೋಗುವವರಿಗೆ ವ್ಯಾನು ಇತ್ತು. ಬ್ಯಾಡ್ಜು ಇದ್ದವರು ಹತ್ತಬಹುದು ಎಂದದ್ದರಿಂದ ಹಾಕಿಕೊಂಡೇ ಹೋದೆವು.

ದರ್ಶನ ಮುಗಿಸಿ ಹೊರಗೆ ಬಂದು ಹೊಳೆಯ ಮೆಟ್ಟಿಲಲ್ಲಿ ಕುಳಿತೆವು. ಎದುರು ದಡದಲ್ಲಿ ಎರಡು ಚಿತೆ ಉರಿಯುತ್ತಿದ್ದವು. ಅದರ ಆಚೆ ಒಬ್ಬ ಜೋಳ ಸುಡುತ್ತಿದ್ದ, ಜನ ತಿನ್ನುತ್ತಿದ್ದರು. ನಮ್ಮಲ್ಲಿ ಸ್ಮಶಾನಕ್ಕೆ ಹೆಂಗಸರು ಹೋಗುವುದು ಕಡಿಮೆ. ಹೀಗೆ ಎಲ್ಲರೂ ಕುಳಿತು ನೋಡುವುದನ್ನು ಗಿರಿಜಾ ಕಣ್ಣು ಬಿಟ್ಟು ನೋಡಿದಳು. ಗಂಡ ಸತ್ತಾಗ ಅವಳನ್ನು ಅಂಗಳದಿಂದಲೇ ವಾಪಸು ಕಳಿಸಿದ್ದರಂತೆ. ಅದನ್ನು ಹೇಳುತ್ತಿದ್ದಳು.

ಹಿಂದಿನಿಂದ ಯಾರೋ ಕೇಳಿದರು: "ಊರು ಓಲು?"

ಊರು ಎಲ್ಲಿ ಎಂದು, ತುಳುವಿನಲ್ಲಿ. ತಿರುಗಿದರೆ ನಮ್ಮ ಕಡೆಯ ಯಾತ್ರಿಕರ ಗುಂಪು, ಹತ್ತಿಪ್ಪತ್ತು ಜನ, ಎಲ್ಲರ ತಲೆಗೂ ಒಂದೇ ಬಣ್ಣದ ಟೊಪ್ಪಿ. ಕೇಳಿದ ಹೆಂಗಸು ಗಿರಿಜಾಳ ಮುಖ ಕಂಡದ್ದೇ ಎದೆಗೆ ಕೈ ಇಟ್ಟುಕೊಂಡರು. "ನಮ್ಮ ಶಾಲೆಯ ಗಿರಿಜಾ ಅಲ್ವಾ ನೀನು?" ಅವರ ಹೆಸರು ಪ್ರಮೀಳಾ. ಅವರ ಮೊಮ್ಮಗಳು ಗಿರಿಜಾ ಅಡಿಗೆ ಮಾಡುವ ಶಾಲೆಯಲ್ಲೇ ಓದುತ್ತಿದ್ದಳು.

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಇಲ್ಲಿ ಬರೆಯಲೆಂದೇ ಇಷ್ಟನ್ನೂ ಬರೆದೆ. ಟೊಪ್ಪಿಗಳ ನಡುವೆ ಕಾಪುವಿನ ಒಂದು ಮುಖ ಇದೆಯೇ ಎಂದು ಹುಡುಕಿದೆ. ಸೆರಗು ಸರಿಮಾಡಿಕೊಳ್ಳುವ ಹಾಗೆ ಕೈ ಎತ್ತಿ ನನ್ನ ಬ್ಯಾಡ್ಜನ್ನು ಹಿಂದುಮುಂದು ತಿರುಗಿಸಿದೆ. ಬಿಳಿ ಬದಿ ಹೊರಗೆ ಬಂತು. ಪಕ್ಕದಲ್ಲಿ ಗಿರಿಜಾಳ ಬ್ಯಾಡ್ಜು ಅಕ್ಷರಗಳ ಸಮೇತ ಎದೆಯ ಮೇಲೆ ನೇರ ನಿಂತಿತ್ತು. ನನಗೆ ಅದು ಕಂಡಿತು. ತಿರುಗಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಮೊಣಕೈಯಲ್ಲಿ ತಿವಿದಿದ್ದರೂ ಸಾಕಿತ್ತು. ಹೇಳಿದರೆ ಅವರ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ಸುಮ್ಮನಾದೆ. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ.

ಪ್ರಮೀಳಾ ಅವರಿಗೆ ಬ್ಯಾಡ್ಜಿನ ಕಡೆ ಗಮನವೇ ಇರಲಿಲ್ಲ. ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. "ಸಂಘದ ಟೂರಾ? ಒಳ್ಳೆಯದಾಯಿತು. ನಿನಗೂ ಒಂದು ಪುಣ್ಯ ಆಗಬೇಕಿತ್ತು" ಎಂದರು. ನಮ್ಮಿಬ್ಬರನ್ನು ನಡುವೆ ನಿಲ್ಲಿಸಿ ಫೋಟೊ ತೆಗೆಸಿದರು. ಗಿರಿಜಾಳ ಭುಜದ ಮೇಲೆ ಕೈ ಹಾಕಿಕೊಂಡೇ ನಿಂತಿದ್ದರು.

ವಾಪಸು ವ್ಯಾನಿನಲ್ಲಿ ಗಿರಿಜಾ ನನ್ನ ಕಡೆ ನೋಡಿ, "ಟೀಚರ್, ನಿಮ್ಮದು ತಿರುಗಿಹೋಗಿದೆ" ಎಂದಳು. ಕೈ ಚಾಚಿ ಅವಳೇ ಅದನ್ನು ಸರಿಮಾಡಿ ಇಟ್ಟಳು.

ಕಾರ್ಕಳದ ಕಡೆ

ಫೋಟೊ ಪ್ರಮೀಳಾ ಅವರ ಕುಟುಂಬದ ವಾಟ್ಸಾಪಿನಿಂದ ಊರಿನ ಗುಂಪಿಗೆ, ಅಲ್ಲಿಂದ ಮಸ್ಕತ್ತಿನಲ್ಲಿರುವ ಊರಿನವರಿಗೆ ಹೋಯಿತು. ಅಲ್ಲಿ ಯಾರೋ ಗಿರಿಜಾಳ ಬ್ಯಾಡ್ಜನ್ನು ಬೆರಳಲ್ಲಿ ದೊಡ್ಡದು ಮಾಡಿ ಓದಿದರು. ಶಾಲೆ ಪುನಃ ಆರಂಭವಾದ ಮೊದಲ ವಾರದಲ್ಲಿ ಕೆಲವು ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಎರಡನೆಯ ವಾರ ಪೋಷಕರ ಸಭೆ ಕರೆದರು. ಫೋಟೊದಲ್ಲಿ ನಾನೂ ಇದ್ದೆನಲ್ಲ. ಮುಖ್ಯೋಪಾಧ್ಯಾಯರಿಗೆ ನನ್ನ ಗುರುತಿತ್ತು. "ನಿಮಗೆ ಗೊತ್ತಿದ್ದರೆ ಬಂದು ಒಂದು ಮಾತು ಹೇಳಿ ಟೀಚರ್" ಎಂದು ಫೋನು ಮಾಡಿದರು.

ನಾನು ಸಂಘದ ಕೋಣೆಗೆ ಹೋಗಿ ಎಲ್ಲರೂ ಒಟ್ಟಾಗಿ ಹೋಗೋಣ ಎಂದೆ. ಅಲ್ಲಿದ್ದ ಏಳೆಂಟು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆಯವರ ರೇಷನ್ ಕಾರ್ಡಿಗೆ, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ಜೊತೆಯಾಗಿ ಹೋದವರು ಅವರು.

"ನಾವು ಹೋಗಿ ಅವಳ ಹಿಂದೆ ನಿಂತರೆ ಟೀಚರ್, ಅದೇ ಸಾಕ್ಷಿ ಆಗುತ್ತದೆ" ಎಂದಳು ಒಬ್ಬಳು. "ನಮ್ಮ ಮಕ್ಕಳೂ ಎಲ್ಲೆಲ್ಲೋ ಓದುತ್ತಿದ್ದಾರೆ. ನೀವೊಬ್ಬರೇ ಹೋಗಿ. ನೀವು ಹೇಳಿದರೆ ನಂಬುತ್ತಾರೆ."

ಬಸ್ಸಿನಲ್ಲಿ ಕುಳಿತು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಆ ಸಭೆಗೆ ನಾನೂ ಹೋಗಿದ್ದೆ. ನನ್ನ ಕುತ್ತಿಗೆಯಲ್ಲೂ ಅದೇ ಇತ್ತು. ಇವಳು ಎಷ್ಟೋ ಜನರಿಗೆ ದಾರಿ ಮಾಡಿಕೊಟ್ಟವಳು, ನಿಮ್ಮ ಮಕ್ಕಳಿಗೆ ಇಷ್ಟು ವರ್ಷ ಶುಚಿಯಾಗಿ ಬಡಿಸಿದವಳು.

ತರಗತಿಯ ಕೋಣೆಯಲ್ಲಿ ಮಕ್ಕಳ ಬೆಂಚಿನಲ್ಲಿ ಪೋಷಕರು ಕುಳಿತಿದ್ದರು. ಗಿರಿಜಾ ಬಾಗಿಲ ಹತ್ತಿರ ನಿಂತಿದ್ದಳು. ಯಾರೂ ಗಟ್ಟಿ ಮಾತಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ. "ನಮಗೆ ಗಿರಿಜಾ ಮೇಲೆ ಎಂತದ್ದೂ ಸಿಟ್ಟಿಲ್ಲ. ಮಕ್ಕಳ ಊಟದ ವಿಷಯ ಅಲ್ವಾ?" ಎಂದು ಒಬ್ಬರು ಮೆತ್ತಗೆ ಹೇಳಿದರು. ಪ್ರಮೀಳಾ ಮೂಲೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಾನು ಒಳ್ಳೆ ಮನಸ್ಸಿನಲ್ಲಿ ಹಾಕಿದ್ದು ಮಾರಾಯ್ರೆ, ನನಗೆ ಇಂಗ್ಲಿಷ್ ಬರುವುದಿಲ್ಲ."

ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು. "ನೀವೂ ಆ ಸಭೆಗೆ ಹೋದದ್ದಾ ಟೀಚರ್?"

ನಾನು ಎದ್ದು ನಿಂತೆ. ಬಾಯಿ ತೆರೆದಿದ್ದೆ, ಅಷ್ಟು ನೆನಪಿದೆ. ಅಷ್ಟರಲ್ಲಿ ಬಾಗಿಲಿನಿಂದ ಗಿರಿಜಾ ಹೇಳಿದಳು:

"ಟೀಚರ್ ಯಾತ್ರೆಗೆ ಬಂದವರು ಸರ್. ನನಗೆ ದೇವಸ್ಥಾನದಲ್ಲಿ ಸಿಕ್ಕಿದ್ದು. ಅವರಿಗೂ ನನಗೂ ಎಂತದ್ದೂ ಸಂಬಂಧ ಇಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲ, ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನಲು ಬೇಕಾದಷ್ಟು ಹೊತ್ತು ಇತ್ತು. ನಾನು ಕುಳಿತುಕೊಂಡೆ.

ಕೆಲಸದಿಂದ ತೆಗೆಯುವುದು ಬೇಡ, ಅವಳೇ ಬಿಟ್ಟಳು ಎಂದಾಗಲಿ ಎಂದು ತೀರ್ಮಾನವಾಯಿತು. ಅದೊಂದು ಮರ್ಯಾದೆ ಎಂದು ಅವರು ತಿಳಿದಿದ್ದರು. ಆರೋಗ್ಯ ಸರಿಯಿಲ್ಲದ ಕಾರಣ ಎಂದು ಪತ್ರ ಬೇಕು. "ಟೀಚರ್ ಇದ್ದಾರಲ್ಲ, ಅವರೇ ಬರೆದುಕೊಡಲಿ" ಎಂದರು ಮುಖ್ಯೋಪಾಧ್ಯಾಯರು. ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಜೀವಮಾನವಿಡೀ ಹೇಳಿಸಿಕೊಂಡವಳು ನಾನು. ಗಿರಿಜಾ ಸಹಿ ಮಾಡಿದಳು, ಅಡಿಗೆಮನೆಗೆ ಹೋಗಿ ತನ್ನ ಸ್ವಂತದ ಎರಡು ಸೌಟು ತೆಗೆದುಕೊಂಡು ಬಂದಳು. ಹೊರಡುವಾಗ ಪ್ರಮೀಳಾ ಅವರ ಹತ್ತಿರ ನಿಂತು, "ಅಳಬೇಡಿ ಅಕ್ಕ" ಎಂದಳು.

ಉಡುಪಿ

ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ಗಿರಿಜಾ ಎತ್ತಲಿಲ್ಲ. ಸಂಘದ ಕೋಣೆ ಅವಳು ಹೇಳಿದ ಹಾಗೆಯೇ ಬಾಗಿಲು ಹಾಕಿತು. ಮಾಲಕರು ಈಗ ಅಲ್ಲಿ ಮೊಬೈಲು ರಿಪೇರಿಯವನನ್ನು ಇಟ್ಟಿದ್ದಾರೆ. ಗಿರಿಜಾ ಮನೆ ಖಾಲಿ ಮಾಡಿದಳಂತೆ. ಮಗಳು ಮಣಿಪಾಲದ ಹಾಸ್ಟೆಲಿಗೆ ಹೋದಳಂತೆ, ಅಲ್ಲೇ ಎಲ್ಲೋ ಲ್ಯಾಬಿನಲ್ಲಿ ಕೆಲಸ, ತಾಯಿಯ ಜೊತೆ ಮಾತಿಲ್ಲವಂತೆ. ಇದೆಲ್ಲ ಸಂಘದಲ್ಲಿದ್ದ ಒಬ್ಬಳು ತಾಲೂಕು ಕಚೇರಿಯಲ್ಲಿ ಸಿಕ್ಕಿ ಹೇಳಿದ್ದು. "ಪುನಃ ಅದೇ ಕೆಲಸ ಟೀಚರ್" ಎಂದಳು. "ಈ ವಯಸ್ಸಿನಲ್ಲಿ. ಗಿರಾಕಿಗಳು ಯಾರೂ ಫೋನು ಮಾಡುವುದಿಲ್ಲ. ನಿಂತುಕೊಳ್ಳಬೇಕು."

ಕಳೆದ ತಿಂಗಳು ತಮ್ಮನ ಹೆಂಡತಿಯ ಜೊತೆ ಉಡುಪಿಗೆ ಹೋಗಿದ್ದೆ, ಅವಳಿಗೆ ಕನ್ನಡಕ ಮಾಡಿಸಲು. ಮಧ್ಯಾಹ್ನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಕಂಬದ ನೆರಳಿನಲ್ಲಿ ಗಿರಿಜಾ ನಿಂತಿದ್ದಳು. ಮೈ ಇಳಿದಿತ್ತು, ತುಟಿಗೆ ಬಣ್ಣ ಇತ್ತು. ನನ್ನನ್ನು ನೋಡಿದಳು. ನನ್ನ ಪಕ್ಕದಲ್ಲಿದ್ದವಳನ್ನೂ ನೋಡಿ ಮುಖ ತಿರುಗಿಸಿದಳು.

"ಗುರುತಿನವರಾ ಅಕ್ಕ?" ಎಂದು ತಮ್ಮನ ಹೆಂಡತಿ ಕೇಳಿದಳು.

"ಹೌದು" ಎಂದೆ. "ನನ್ನ ಸ್ನೇಹಿತೆ." ತಮ್ಮನ ಹೆಂಡತಿಯನ್ನು ಅಲ್ಲೇ ಬಿಟ್ಟು ಹೋಗಿ, ಗಿರಿಜಾಳ ಎದುರು ನಿಂತು ಹೆಸರು ಹಿಡಿದು ಕರೆದೆ.

ಅವಳು ನನ್ನ ಕಡೆ ತಿರುಗಿದಳು. ತುಳುವಿನಲ್ಲಲ್ಲ, ಕಚೇರಿಯಲ್ಲಿ ಮಾತಾಡುವಂಥ ಕನ್ನಡದಲ್ಲಿ ಹೇಳಿದಳು: "ನೀವು ನನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದೀರಿ. ನನಗೆ ನಿಮ್ಮ ಪರಿಚಯ ಇಲ್ಲ."

ಅಷ್ಟರಲ್ಲಿ ಮಲ್ಪೆಯ ಬಸ್ಸು ಬಂತು. ಅವಳು ಹತ್ತಿದಳು. ನಾನು ನಿಂತಿದ್ದ ಬದಿಯಲ್ಲಿ ಸೀಟು ಖಾಲಿ ಇದ್ದರೂ ಆ ಬದಿಗೆ ಹೋಗಿ ಕುಳಿತಳು.